ಸಮಾಧಾನದ ಹಸಿರು ಗುಂಡಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹಿಂದಿನಿಂದ ಆಡಿಕೊಳ್ಳುವುದು ಬೇಡ. ಹೆಸರು ಶೈಲಜಾ ಗದ್ರೆ. ಮೂವತ್ತೊಂದು ವರ್ಷ ಪುಣೆಯಲ್ಲಿ ಕಟ್ಟಡ ಕಟ್ಟಿಸಿದವಳು. ಸೈಟಿನ ಮೇಲೆ ಹೆಂಗಸು ಇಂಜಿನಿಯರ್ ಅಂದರೆ ಗಾರೆಯವರಿಂದ ಗುತ್ತಿಗೆದಾರರವರೆಗೆ ಎಲ್ಲರೂ ಮುಸಿಮುಸಿ ನಗುತ್ತಿದ್ದ ಕಾಲದಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದವಳು. ಅಲ್ಲಿ ನಾನು ಕಲಿತದ್ದು ಒಂದೇ ಪಾಠ. 'ಕೆಲಸ ಆಯಿತು' ಎಂದು ಯಾರು ಹೇಳಿದರೂ ನಂಬಬಾರದು. ಹೋಗಿ ನೋಡಬೇಕು, ಬೆರಳಿನಿಂದ ಮುಟ್ಟಬೇಕು, ಆಮೇಲೆ ಬೈಯಬೇಕು.

ಐವತ್ತಾರಕ್ಕೆ ಕೆಲಸ ಬಿಟ್ಟು ಕಂಪನಿ ತೆರೆದೆ. ಕಂಪನಿ ಅಂದರೆ ನಾನು ಮತ್ತು ನನ್ನ ಅಣ್ಣನ ಮಗ ಮಂದಾರ, ಇಬ್ಬರೇ. ಆಫೀಸು ಅಂದರೆ ನನ್ನ ಊಟದ ಮೇಜು. ಮಂದಾರ ಕಂಪ್ಯೂಟರಿನವನು. ಮೂವತ್ತೆರಡು ವರ್ಷ, ಮದುವೆಯ ಸುದ್ದಿ ಎತ್ತಿದರೆ ಚಾರ್ಜರ್ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಾನೆ. ನಾನು ಹೇಳುವುದು, ಅವನು ಬರೆಯುವುದು, ಇಬ್ಬರೂ ಜಗಳವಾಡುವುದು, ಹನ್ನೊಂದಕ್ಕೆ ಚಹಾ ಕುಡಿಯುವುದು. ಹೀಗೆ ಎರಡು ವರ್ಷದಲ್ಲಿ ನಮ್ಮ ಸಾಫ್ಟ್‌ವೇರ್ ಹುಟ್ಟಿತು. ಅದಕ್ಕೆ 'ಡಾಗಡುಜಿ' ಎಂದು ಹೆಸರಿಟ್ಟೆವು. ಮನೆಯ ಸಣ್ಣಪುಟ್ಟ ರಿಪೇರಿಗೆ ನಮ್ಮಲ್ಲಿ ಹಾಗೇ ಅನ್ನುವುದು. ಮಂದಾರನಿಗೆ ಏನೋ ಠಾಕುಠೀಕಾದ ಇಂಗ್ಲಿಷ್ ಹೆಸರು ಬೇಕಿತ್ತು. ನಾನು ಬಿಡಲಿಲ್ಲ.

ಯೋಚನೆ ನನ್ನದು, ಅದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಕಟ್ಟಡ ಕಟ್ಟುವಾಗ ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ ಎನ್ನುವುದು ಕಟ್ಟಿದವರ ತಲೆಯಲ್ಲಿರುತ್ತದೆ. ಬೀಗದ ಕೈ ಕೊಟ್ಟ ಮರುದಿನ ಆ ತಲೆಗಳೆಲ್ಲ ಬೇರೆ ಸೈಟಿಗೆ ಹೊರಟುಹೋಗುತ್ತವೆ. ಆಮೇಲೆ ಬಂದವರು ನೀರು ಸೋರಿದಾಗ ಅರ್ಧ ಮನೆ ಒಡೆದು ಹುಡುಕುತ್ತಾರೆ. ಅದಕ್ಕೇ ಪಾಯ ತೋಡಿದ ದಿನದಿಂದ ಹಿಡಿದು ಐವತ್ತು ವರ್ಷದ ಮೇಲಿನ ನಲ್ಲಿ ರಿಪೇರಿಯವರೆಗೆ ಕಟ್ಟಡದ ಇಡೀ ಜಾತಕ ಒಂದೇ ಕಡೆ ಇರಬೇಕು, ಫೋನಿನಲ್ಲೋ ಕಂಪ್ಯೂಟರಿನಲ್ಲೋ ಜಾಲತಾಣ ತೆರೆದರೆ ಯಾರಿಗೂ ಕಾಣಬೇಕು. ಕಟ್ಟುವ ಭಾಗವನ್ನು ಬಾಣೇರಿನ ಕಡೆ ಇಬ್ಬರು ಬಿಲ್ಡರುಗಳು ಆಗಲೇ ಬಳಸುತ್ತಿದ್ದರು, ಮೆಚ್ಚಿದ್ದರು. ಉಳಿದದ್ದು ನಿರ್ವಹಣೆಯ ಭಾಗ. ಅದನ್ನು ಪರೀಕ್ಷಿಸಲು ನಾನಿರುವ ಸೊಸೈಟಿಗಿಂತ ಒಳ್ಳೆಯ ಜಾಗ ಯಾವುದು? ಸದಾಶಿವ ಪೇಟೆಯ 'ಸ್ವಾನಂದ', ಅರವತ್ತನಾಲ್ಕು ಫ್ಲ್ಯಾಟು. ಹತ್ತೊಂಬತ್ತು ವರ್ಷದ ಹಿಂದೆ ನಾನೇ ನಿಂತು ಕಟ್ಟಿಸಿದ್ದು.

ಆ ಕಟ್ಟಡದ ಮಟ್ಟಿಗೆ ಒಂದು ತಲೆ ಮಾತ್ರ ಬೇರೆ ಸೈಟಿಗೆ ಹೋಗಲಿಲ್ಲ. ಸೋಪಾನ ಧುಮಾಳ. ಭೋರ್ ತಾಲೂಕಿನವನು, ಆಗ ನನ್ನ ಕೈಕೆಳಗೆ ಪೈಪು ಹಾಕುತ್ತಿದ್ದ ಪ್ಲಂಬರ್. ಬೀಗದ ಕೈ ಕೊಟ್ಟ ದಿನ ಇಡೀ ತಂಡ ಲಾರಿ ಹತ್ತಿತು, ಅವನು ಹತ್ತಲಿಲ್ಲ. ನನ್ನ ಮಾತಿನ ಮೇಲೆ ಸೊಸೈಟಿ ಅವನನ್ನು ಇಟ್ಟುಕೊಂಡಿತು, ಪಂಪಿನ ಮನೆಯ ಹಿಂದೆ ಎರಡು ಕೋಣೆ ಕೊಟ್ಟಿತು. ನಲ್ಲಿ, ದೀಪ, ಲಿಫ್ಟು, ಗಟಾರ, ಎಲ್ಲ ಅವನದೇ. ಗೋಡೆಗೆ ಅಂಗೈ ಇಟ್ಟು, ಬಿಸಿನೀರಿನ ಪೈಪು ಇಲ್ಲಿಂದ ಎರಡು ಗೇಣು ಎಡಕ್ಕೆ ಎಂದು ಹೇಳಬಲ್ಲ. ಅವನ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ, ಆ ಎರಡು ಕೋಣೆಯಲ್ಲೇ ಹುಟ್ಟಿ ಬೆಳೆದವಳು.

ಇನ್ನು ತಪ್ಪಿನ ಕಥೆ. ತಪ್ಪೂ ನನ್ನದೇ.

ಯಾರಾದರೂ ದೂರು ಬರೆದರೆ ಅದು ಸೋಪಾನನ ಫೋನಿಗೆ ಹೋಗುತ್ತದೆ. ಅವನು ರಿಪೇರಿ ಮಾಡಿ ಒಂದು ಫೋಟೋ ಹಾಕುತ್ತಾನೆ. ಅಲ್ಲಿಗೆ ಕೆಲಸ ಮುಗಿದಂತೆ ಎಂದು ಮಂದಾರ ಲೆಕ್ಕ ಹಾಕಿದ್ದ. ನಾನು ಒಪ್ಪಲಿಲ್ಲ. ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ, ಒದ್ದೆ ಗೋಡೆಗೆ ಸುಣ್ಣ ಬಳಿದು ಫೋಟೋ ತೆಗೆದ ಭೂಪರನ್ನು ಕಂಡಿದ್ದೇನೆ. ದೂರು ಕೊಟ್ಟವರೇ 'ಸಮಾಧಾನ' ಎಂಬ ಹಸಿರು ಗುಂಡಿ ಒತ್ತಬೇಕು, ಅಲ್ಲಿಯವರೆಗೆ ಆ ಕೆಲಸ ಬಾಕಿ ಎಂದೇ ಇರಬೇಕು ಎಂದೆ.

“ಮಂದಿ ಒತ್ತೂದಿಲ್ಲ, ಆತ್ಯಾ,” ಎಂದ ಮಂದಾರ.

“ಯಾಕ ಒತ್ತೂದಿಲ್ಲ? ಕೈಗೇನ್ ಆಗ್ಯದ?” ಎಂದೆ. ಅವನು ತಲೆ ಕೆರೆದುಕೊಂಡು ಗುಂಡಿ ಮಾಡಿಕೊಟ್ಟ.

ಮಾರ್ಚ್ ಒಂದರಂದು ಶುರುವಾಯಿತು. ಮೊದಲ ದಿನವೇ ಮೂವತ್ತೆಂಟು ದೂರು. ಮಂದಾರ ಕುಣಿದಾಡಿದ. ಬಾಣೇರಿನ ಬಿಲ್ಡರುಗಳ ಹತ್ತಿರ ಜನರಿಂದ ಒಂದು ಸಾಲು ಬರೆಸುವುದಕ್ಕೆ ಕಾಲು ಹಿಡಿಯಬೇಕಿತ್ತು. ಇಲ್ಲಿ ಕೇಳದೆಯೇ ಸುರಿಯುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ನಮ್ಮ ಪೇಟೆಗೆ ಬಂದಿರಲಿಲ್ಲ. ಇಲ್ಲಿ ಮಾತು ಬಲ್ಲವನಿಗೇ ಜಗಳ. ಅಂಥ ಜನಕ್ಕೆ ನಾವು ದೂರಿನ ಪೆಟ್ಟಿಗೆ ಕೊಟ್ಟು, ಅದರಲ್ಲಿ ಮುನ್ನೂರು ಅಕ್ಷರ ಬರೆಯಲು ಜಾಗವನ್ನೂ ಕೊಟ್ಟಿದ್ದೆವು.

ನಾಲ್ಕನೆಯ ಮಹಡಿಯ ದಾತೆ ಕಾಕೂ ಎಲ್ಲರಿಗಿಂತ ಮುಂದೆ. ಎಪ್ಪತ್ತೆಂಟು ವರ್ಷ, ನಿವೃತ್ತ ಸಂಸ್ಕೃತ ಶಿಕ್ಷಕಿ. ಅವರು ಬರೆದದ್ದು ಹೀಗಿತ್ತು: 'ನಮ್ಮ ಅಡುಗೆಮನೆಯ ನಲ್ಲಿ ಮಂಗಳವಾರದಿಂದ ಮಾತಾಡುತ್ತಿದೆ. ಅದರ ಮಾತು ನಮ್ಮ ಯಜಮಾನರ ಮಾತಿಗಿಂತ ಅರ್ಥಪೂರ್ಣವಾಗಿದ್ದರೂ ಇಬ್ಬರನ್ನೂ ಒಟ್ಟಿಗೆ ಕೇಳುವ ಶಕ್ತಿ ನನಗಿಲ್ಲ.' ಇನ್ನೊಬ್ಬರು, ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ಹಳದಿಯಾಗಿ ಕಾಣುತ್ತದೆ, ದೋಷ ದೀಪದ್ದೋ ನನ್ನದೋ ಪರಿಶೀಲಿಸಿ ತಿಳಿಸುವುದು ಎಂದಿದ್ದರು. ಮತ್ತೊಬ್ಬರ ದೂರು ನಮ್ಮ ಮೇಲೇ: 'ಮಧ್ಯಾಹ್ನ ಎರಡಕ್ಕೆ ನಿಮ್ಮ ಯಂತ್ರ ನನ್ನ ಫೋನಿನಲ್ಲಿ ಟಿಣ್ ಎಂದಿತು. ಒಂದರಿಂದ ನಾಲ್ಕರವರೆಗೆ ಸಭ್ಯರು ಮಲಗಿರುತ್ತಾರೆ. ಕಟ್ಟಡದ ರಿಪೇರಿಗೆ ಮೊದಲು ಸಂಸ್ಕಾರದ ರಿಪೇರಿ ಆಗಲಿ.' ಮಂದಾರ ಅದೇ ದಿನ ಒಂದರಿಂದ ನಾಲ್ಕರವರೆಗೆ ಗಂಟೆಯ ಬಾಯಿ ಕಟ್ಟಿದ. ನಾನು ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ದೂರುಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಷ್ಟು ಖುಷಿಯ ತಿಂಗಳು ನನ್ನ ಜೀವನದಲ್ಲಿ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಏಪ್ರಿಲ್ ಒಂದರಂದು ಯಂತ್ರ ತಾನೇ ತಿಂಗಳ ವರದಿ ತಯಾರಿಸಿ ಸೊಸೈಟಿಯ ಕಾರ್ಯದರ್ಶಿ ಫಾಟಕ್ ಸಾಹೇಬರಿಗೆ ಕಳಿಸಿತು. ಅವರು ಲೆಕ್ಕತಪಾಸಣೆಯಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಎದುರಿಗೆ ಆನೆ ನಿಂತಿದ್ದರೂ ಕಾಗದದಲ್ಲಿ ಆನೆ ಇಲ್ಲದಿದ್ದರೆ ಇಲ್ಲ. ಹತ್ತು ಗಂಟೆಗೆ ನಮ್ಮ ಬಾಗಿಲು ಬಡಿದು, ಕೂತು, ಅರ್ಧ ಕಪ್ ಚಹಾ ಕುಡಿದರು. ಅಪರೂಪಕ್ಕೆ ಮುಖದಲ್ಲಿ ಗೆಲುವಿತ್ತು. ಹತ್ತೊಂಬತ್ತು ವರ್ಷದಿಂದ ಗೊತ್ತಾಗದ ಸತ್ಯ ನಿಮ್ಮ ಸಾಫ್ಟ್‌ವೇರಿನಿಂದ ಒಂದೇ ತಿಂಗಳಲ್ಲಿ ಹೊರಬಿತ್ತು ಎಂದರು. ಸೊಸೈಟಿಗಳ ಒಕ್ಕೂಟದಲ್ಲಿ ಅವರ ಮಾತು ನಡೆಯುತ್ತದೆ, ಹದಿನಾಲ್ಕು ಸೊಸೈಟಿಗಳಿಗೆ 'ಡಾಗಡುಜಿ' ಹಾಕಿಸುವ ಶಿಫಾರಸು ಬರೆಯುತ್ತಾರಂತೆ. ಮಂದಾರ ಮೇಜಿನ ಕೆಳಗೆ ನನ್ನ ಕಾಲು ತುಳಿದ. ನಮಗೆ ಬೇಕಾಗಿದ್ದದ್ದು ಅದೇ, ಎರಡು ವರ್ಷದಿಂದ ಕಾದದ್ದು ಅದಕ್ಕೇ.

ಯಾವ ಸತ್ಯ ಹೊರಬಿತ್ತು ಎಂದು ಕೇಳಿದೆ. ಅವರು ವರದಿಯ ಕಾಗದ ಮುಂದಿಟ್ಟರು. ಬಂದ ದೂರು ನಾನೂರ ಹನ್ನೆರಡು. ಮುಗಿದದ್ದು ಒಂಬತ್ತು. ಬಾಕಿ ನಾನೂರ ಮೂರು. ಇಂಥ ಮೈಗಳ್ಳನನ್ನು ಇಟ್ಟುಕೊಳ್ಳುವುದಕ್ಕಿಂತ ಹೊರಗಿನ ಏಜೆನ್ಸಿಗೆ ವಹಿಸುವುದು ಒಳ್ಳೆಯದು, ಎರಡನೆಯ ಭಾನುವಾರ ಸರ್ವಸಾಧಾರಣ ಸಭೆ, ನೋಟಿಸು ಅಂಟಿಸಿ ಬಂದೆ ಎಂದು ಕಪ್ಪು ಕೆಳಗಿಟ್ಟು ಹೋದರು. ಸೋಪಾನನನ್ನು ಕೆಲಸದಿಂದ ಬಿಡಿಸಿದರೆ ಆ ಎರಡು ಕೋಣೆಯೂ ತಿಂಗಳೊಳಗೆ ಖಾಲಿಯಾಗಬೇಕು.

ನನ್ನ ಕೋಪ ಮೊದಲು ತಿರುಗಿದ್ದು ಸೋಪಾನನ ಮೇಲೆ. ಚಪ್ಪಲಿ ಮೆಟ್ಟಿ ಐದು ಮಹಡಿ ಇಳಿದೆ, ಲಿಫ್ಟಿಗೂ ಕಾಯಲಿಲ್ಲ. ಅವನು ಪಂಪಿನ ಮನೆಯ ಮುಂದೆ ಕೂತು ಪೈಪಿನ ತುದಿಗೆ ತಿರುಪಿನ ಸುತ್ತು ಕೊರೆಯುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನನ್ನು ಇಲ್ಲಿ ಇಡಿಸಿದವಳು ನಾನು, ನನ್ನ ಮಾನ ಕಳೆದೆ, ಮಗಳು ಓದುತ್ತಿದ್ದಾಳೆ ಎಂಬ ಎಚ್ಚರವೂ ಇಲ್ಲವೇ, ಹೀಗೆ. ಅವನು ಪೈಪು ಪಕ್ಕಕ್ಕಿಟ್ಟು ಎದ್ದು ನಿಂತ.

“ಎಲ್ಲಾ ಮಾಡೇನ್ರಿ ಮೇಡಮ್. ಒಂದೂ ಉಳಿಸಿಲ್ರಿ.”

“ಹಂಗಾದ್ರ ನಾಕನೂರಾ ಮೂರು ಬಾಕಿ ಯಾಕ ತೋರಸ್ತದ?”

“ಅದನ್ನ ನಿಮ್ಮ ಮಷೀನಿಗೆ ಕೇಳ್ರಿ. ನನಗ ನಲ್ಲಿ ಏನಂತೈತಿ ತಿಳಿತೈತಿ. ಮಷೀನಿಂದು ತಿಳಿಯೂದಿಲ್ಲ.”

ಹೋಗಿ ನೋಡಬೇಕು, ಮುಟ್ಟಬೇಕು, ಆಮೇಲೆ ಬೈಯಬೇಕು ಎಂದೆನಲ್ಲ. ಈ ಸಲ ಮೊದಲೇ ಬೈದಿದ್ದೆ. ಆ ದಿನ ಸಂಜೆಯವರೆಗೆ ಇಪ್ಪತ್ಮೂರು ಮನೆ ಹತ್ತಿಳಿದೆ. ಸೋರುತ್ತಿದ್ದ ನಲ್ಲಿ ಸೋರುತ್ತಿರಲಿಲ್ಲ. ಹತ್ತದ ದೀಪ ಹತ್ತುತ್ತಿತ್ತು. ಲಿಫ್ಟಿನಲ್ಲಿ ಬಿಳಿಯ ದೀಪ, ಕನ್ನಡಿಯಲ್ಲಿ ನನ್ನ ಮುಖ ಬೆವರಿ ಕೆಂಪಗಿತ್ತು. ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ಕೆಲಸ ಆಗಿತ್ತು. ಆದರೆ ಹಸಿರು ಗುಂಡಿ ಒತ್ತಿದ್ದು ಒಂದೇ ಮನೆಯವರು, ಬಾಡಿಗೆಗೆ ಬಂದ ನಾಗಪುರದ ಗಂಡಹೆಂಡತಿ. ವರದಿಯಲ್ಲಿದ್ದ ಒಂಬತ್ತೂ ಅವರದೇ.

ದಾತೆ ಕಾಕೂ ಮನೆಯಲ್ಲಿ ನಲ್ಲಿ ತಿರುಗಿಸಿ ನೋಡಿದೆ. ಅದು ತುಟಿ ಪಿಟಕ್ ಎನ್ನಲಿಲ್ಲ. ಮತ್ತೆ ಗುಂಡಿ ಯಾಕೆ ಒತ್ತಲಿಲ್ಲ ಎಂದು ಕೇಳಿದೆ.

“ನಲ್ಲಿ ಸರಿ ಆಗ್ಯದ, ಖರೆ. ಅಷ್ಟಕ್ಕ ನಾ ಸಮಾಧಾನ ಆಗಬೇಕೇನು?” ಎಂದರು ಕಾಕೂ. “ಮೂವತ್ತೆಂಟು ವರ್ಷ ಸಂಸ್ಕೃತ ಕಲಿಸೇನಿ. ಒಬ್ಬರಿಗೂ ನೂರಕ್ಕ ನೂರು ಕೊಟ್ಟಿಲ್ಲ. ಸೋಪಾನಗ ಕೊಡ್ಲಿ?”

ಹಾಗಾದರೆ ಎಷ್ಟು ಕೊಡುತ್ತೀರಿ ಎಂದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಬಹಳ ಹೊತ್ತು ಯೋಚಿಸಿದರು.

“ತೊಂಬತ್ತಾರು. ಅವಗ ಹೇಳಬ್ಯಾಡ ಮತ್ತ, ಕೆಡ್ತಾನ.”

ಎರಡನೆಯ ಮಹಡಿಯ ಲಿಮಯೆ ಅವರದು ಬೇರೆ ತರ್ಕ. ಇವತ್ತು ಸಮಾಧಾನ ಎಂದು ಒತ್ತಿಬಿಟ್ಟರೆ ನಾಳೆ ಮತ್ತೆ ಕೆಟ್ಟಾಗ ಯಾವ ಮುಖ ಇಟ್ಟುಕೊಂಡು ದೂರುವುದು, ಕೈ ಕಟ್ಟಿಸಿಕೊಂಡಂತಲ್ಲವೇ ಎಂದರು. ಎಲ್ಲರ ಮಾತಿನ ಸಾರ ಒಂದೇ. ಕೆಲಸ ಆಗಿದೆ, ಚೆನ್ನಾಗಿಯೇ ಆಗಿದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ನಮ್ಮ ಕುಲದಲ್ಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಬಿಡಿ. ಆದರೆ ಇವರು ಮದ್ದು ಕುಡಿದು, ಗುಣವಾಗಿ, ಗಿಡಕ್ಕೆ ಒಂದು ಒಳ್ಳೆಯ ಮಾತೂ ಹೇಳದೆ ಕೂತಿದ್ದರು.

ಮನೆಗೆ ಬಂದು ಮಂದಾರನ ಮುಂದೆ ಇಡೀ ಸೊಸೈಟಿಯನ್ನು ಝಾಡಿಸಿದೆ. ಕೃತಘ್ನರು, ಒಂದು ಬೆರಳು ಎತ್ತಲು ಬರುವುದಿಲ್ಲವೇ, ಅವನ ಅನ್ನ ಹೋಗುತ್ತಿದೆಯಲ್ಲ ಎಂದೆ. ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. 'ಬಿ ಐದುನೂರ ಎರಡು. ಬಾಲ್ಕನಿಯಲ್ಲಿ ನೀರು ನಿಲ್ಲುತ್ತದೆ. ಮಾರ್ಚ್ ಹನ್ನೊಂದು. ರಿಪೇರಿ: ಅದೇ ದಿನ. ಸಮಾಧಾನ: ಇಲ್ಲ.'

ಬಿ ಐದುನೂರ ಎರಡು ನನ್ನದೇ ಮನೆ.

“ಸಿಮೆಂಟ್ ಸ್ವಲ್ಪ ಹೆಚ್ಚು ಹಾಕಿದ್ದ,” ಎಂದೆ. ನನ್ನ ಬಾಯಿಂದ ತಾನಾಗಿ ಬಂತು. ಮಂದಾರ ನಕ್ಕ, ನನಗೂ ನಗು ಬಂತು, ಆಮೇಲೆ ಅಳುವೂ ಬಂತು. ಗುಂಡಿ ಮಾಡಿಸಿದವಳು ನಾನು. ಸ್ವಂತ ಗುಂಡಿ ಒತ್ತದವಳೂ ನಾನು. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಒಮ್ಮೆಯಾದರೂ 'ಚೆನ್ನಾಗಿ ಮಾಡಿದೆ' ಎಂದಿದ್ದೆನೇ? ನೆನಪಿಗೆ ಬರಲಿಲ್ಲ. ನಾಚಿಕೆಯಿಂದ ಸತ್ತುಹೋದೆ.

ಮರುದಿನ ಇಬ್ಬರೂ ಫಾಟಕ್ ಸಾಹೇಬರಲ್ಲಿಗೆ ಹೋಗಿ ತಪ್ಪು ಒಪ್ಪಿಕೊಂಡೆವು. ಕೆಲಸವೆಲ್ಲ ಆಗಿದೆ, ಎಣಿಸುವ ರೀತಿ ತಪ್ಪು, ಬೇಕಾದರೆ ಫೋಟೋ ನೋಡಿ ಎಂದೆ.

“ಫೋಟೋ ನಂಬಬ್ಯಾಡ್ರಿ ಅಂತ ನೀವ ಹೇಳಿದ್ರಿ,” ಎಂದರು ಅವರು.

ಅದೂ ನಿಜ. ನೋಟಿಸು ಹೊರಟ ಮೇಲೆ ವಿಷಯವನ್ನು ಹಿಂತೆಗೆಯುವ ಅಧಿಕಾರ ಅವರಿಗಿಲ್ಲವಂತೆ, ಸಭೆಯೇ ತೀರ್ಮಾನಿಸಬೇಕು. ನಿಮ್ಮ ಎಣಿಕೆ ತಪ್ಪು ಎಂದು ನೀವೇ ಸಭೆಯಲ್ಲಿ ಹೇಳಿದರೆ ಹದಿನಾಲ್ಕು ಸೊಸೈಟಿಗೆ ನಾನು ಯಾವ ಬಾಯಿಂದ ಶಿಫಾರಸು ಮಾಡಲಿ, ಅದನ್ನೂ ಯೋಚಿಸಿ ಎಂದು ಬಾಗಿಲವರೆಗೆ ಬಂದು ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ.

ಮಂದಾರ ಮೆಟ್ಟಿಲ ಮೇಲೆ ಮೆಲ್ಲಗೆ, ಎರಡು ಸಾಲು ಬದಲಿಸಿದರೆ ನಾನೂರ ಮೂರೂ ಹಸಿರಾಗುತ್ತವೆ, ಸಭೆಗೆ ಮೊದಲೇ ಮಾಡಿಬಿಡಲೇ ಎಂದು ಕೇಳಿದ. ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಂದು ಒಳ್ಳೆಯದಕ್ಕೆ ಅಂಕಿ ತಿದ್ದಿದವರು ನಾಳೆ ಕೆಟ್ಟದ್ದಕ್ಕೂ ತಿದ್ದುತ್ತಾರೆ ಎಂದು ಫಾಟಕ್ ಸಾಹೇಬರಂಥವರು ಅಂದುಕೊಳ್ಳುವುದು ಖಂಡಿತ, ಅಂದುಕೊಳ್ಳಬೇಕಾದ್ದೂ ಸರಿಯೇ. ಮೊದಲು ಸಭೆ, ಆಮೇಲೆ ನಿನ್ನ ಎರಡು ಸಾಲು ಎಂದೆ. ಸೊಸೈಟಿ ಹೋದರೆ ಹೋಗಲಿ, ಹದಿನಾಲ್ಕಲ್ಲ ನಲವತ್ತು ಹೋಗಲಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೆಳಗಿನ ಪಾರ್ಕಿಂಗಿನಲ್ಲಿ ಸ್ಕೂಟರುಗಳನ್ನು ಪಕ್ಕಕ್ಕೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹಾಕಿದವನು ಸೋಪಾನನೇ. ತನ್ನನ್ನು ತೆಗೆಯುವ ಸಭೆಗೆ ತಾನೇ ಕುರ್ಚಿ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಬದ ಪಕ್ಕ ನಿಂತಿದ್ದ. ಅವನ ಹೆಂಡತಿ, ಮಗಳು ಪಂಪಿನ ಮನೆಯ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಮನೆಯವರೂ ಬಂದಿದ್ದರು. ನಮ್ಮಲ್ಲಿ ಮದುವೆಗೆ ತಪ್ಪಿಸಿಕೊಂಡಾರು, ಸಭೆಗೆ ತಪ್ಪಿಸಿಕೊಳ್ಳುವುದಿಲ್ಲ.

ನಾನು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗುಂಡಿ ನನ್ನ ಹಟ. ಕೆಲಸಗಳೆಲ್ಲ ಆಗಿವೆ, ಇಪ್ಪತ್ಮೂರು ಮನೆ ಸ್ವತಃ ನೋಡಿದ್ದೇನೆ. ನನ್ನ ಮನೆಯ ಕೆಲಸವೂ ಆಗಿದೆ, ನಾನೂ ಒತ್ತಿಲ್ಲ. ತಪ್ಪು ನಮ್ಮ ಸಾಫ್ಟ್‌ವೇರಿನದು, ಸೋಪಾನನದಲ್ಲ. ಫಾಟಕ್ ಸಾಹೇಬರು, ಇದು ಗದ್ರೆಬಾಯಿಯ ಅಭಿಪ್ರಾಯ, ದಾಖಲೆ ಬೇರೆ ಹೇಳುತ್ತದೆ, ಸದಸ್ಯರು ಏನನ್ನುತ್ತಾರೆ ಎಂದರು. ಸರಿ, ಸೋಪಾನನ ಕೆಲಸದಿಂದ ಸಮಾಧಾನ ಇರುವವರು ಕೈ ಎತ್ತಿ ಎಂದೆ.

ನಾಗಪುರದ ಗಂಡಹೆಂಡತಿ ನಾಲ್ಕೂ ಕೈ ಎತ್ತಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ದಾತೆ ಕಾಕೂ ಛಾವಣಿ ನೋಡುತ್ತಿದ್ದರು. ಲಿಮಯೆ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುತ್ತಿದ್ದರು. ಕಂಬದ ಪಕ್ಕ ಸೋಪಾನನ ತಲೆ ಬಾಗಿತು. ಅವನ ಮಗಳು ಒಳಗೆ ಹೋದಳು. ನನ್ನ ಕೋಪ ನೆತ್ತಿಗೇರಿತು. ಇವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯಬೇಕು ಎಂದು ಬಾಯಿ ತೆರೆದೆ. ತೆರೆದಾಗಲೇ ನನಗೆ ಹೊಳೆಯಿತು. ಅರವತ್ತು ವರ್ಷ ಹತ್ತಿರವಾಯಿತು ಇವರ ನಡುವೆ ಬದುಕುತ್ತ. ಇವರ ಬಾಯಲ್ಲಿ ಹೌದು ಹೊರಡುವುದಿಲ್ಲ. ಹೊರಡುವುದು ಯಾವುದು ಎಂದು ನನಗೆ ಗೊತ್ತಿಲ್ಲವೇ?

“ಆತು,” ಎಂದೆ. “ಹಂಗಾದ್ರ ಠರಾವು ಬರಕೋರಿ, ಫಾಟಕ್ ಸಾಹೇಬ್ರ. 'ಹತ್ತೊಂಬತ್ತು ವರ್ಷದಾಗ ಸೋಪಾನ ಧುಮಾಳ ಈ ಕಟ್ಟಡದಾಗ ಒಂದು ಕೆಲಸಾನೂ ನೆಟ್ಟಗ ಮಾಡಿಲ್ಲ.' ಯಾರದಾದ್ರೂ ಆಕ್ಷೇಪಣೆ ಅದ ಏನು?”

ಮಾತು ಮುಗಿಯುವ ಮೊದಲೇ ದಾತೆ ಕಾಕೂ ಎದ್ದಿದ್ದರು.

“ಆಕ್ಷೇಪಣೆ. 'ಒಂದು ಕೆಲಸಾನೂ' ಅನ್ನೂದು ಶುದ್ಧ ಸುಳ್ಳು. ಬರಕೋರಿ.”

ಬರೆಸಿದರು. ನಲ್ಲಿ, ಅಡುಗೆಮನೆಯ ತೊಟ್ಟಿ, ಹನ್ನೆರಡು ವರ್ಷದ ಹಿಂದೆ ಗಟಾರದೊಳಗೆ ಬಿದ್ದ ಮೊಮ್ಮಗಳ ಕಿವಿಯೋಲೆ ಹುಡುಕಿಕೊಟ್ಟದ್ದು. ಅವರು ಕೂರುವಷ್ಟರಲ್ಲಿ ಲಿಮಯೆ ಎದ್ದು ತಮ್ಮದೂ ಆಕ್ಷೇಪಣೆ ಎಂದರು. ಲಿಫ್ಟಿನಲ್ಲಿ ಅವರು ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದಾಗ ಸೋಪಾನ ಒಂದು ಕೈಯಲ್ಲಿ ತಂತಿ ಸರಿ ಮಾಡುತ್ತ ಹೊರಗಿನಿಂದ ತನ್ನೂರಿನ ಎಮ್ಮೆಯ ಕಥೆ ಹೇಳುತ್ತಲೇ ಇದ್ದನಂತೆ, ಇವರಿಗೆ ಎದೆ ಹೊಡೆದುಕೊಳ್ಳದಿರಲಿ ಎಂದು. ಅದು ಗಣಪತಿ ಹಬ್ಬದ ದಿನ ಎಂದರು ಲಿಮಯೆ. ಅಲ್ಲ, ಅದರ ಹಿಂದಿನ ದಿನ ಎಂದು ಹಿಂದಿನ ಸಾಲಿನವರು ಆಕ್ಷೇಪಿಸಿದರು. ಆಮೇಲೆ ಯಾರನ್ನೂ ತಡೆಯುವಂತಿರಲಿಲ್ಲ. ಪಂಪಿನ ಮನೆಗೆ ನೀರು ನುಗ್ಗಿದಾಗ ಸೊಂಟದವರೆಗಿನ ನೀರಿನಲ್ಲಿ ನಿಂತು ಮೋಟಾರು ಎತ್ತಿದ್ದನ್ನು ಒಬ್ಬರು ಹೇಳಿದರೆ, ಸೊಂಟದವರೆಗೆ ಅಲ್ಲ, ಎದೆಯವರೆಗೆ ಎಂದು ಇನ್ನೊಬ್ಬರು ತಿದ್ದಿದರು. ಪಕ್ಕದವರ ಆಕ್ಷೇಪಣೆಗಿಂತ ತಮ್ಮದು ಗಟ್ಟಿಯಾಗಿರಬೇಕು ಎಂಬ ಹುರುಪು ಎಲ್ಲರಿಗೂ. ಇವರು ಹೊಗಳುತ್ತಿದ್ದಾರೋ ಜಗಳವಾಡುತ್ತಿದ್ದಾರೋ ಎಂದು ನಾಗಪುರದ ಹುಡುಗಿ ಮಂದಾರನನ್ನು ಕೇಳಿದಳು. ಎರಡೂ ಒಂದೇ ಎಂದು ಅವನು ಸಮಜಾಯಿಷಿ ಕೊಟ್ಟ. ಸೋಪಾನನ ಮಗಳು ಮತ್ತೆ ಬಾಗಿಲಿಗೆ ಬಂದಿದ್ದಳು, ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಿದ್ದಳು.

ಫಾಟಕ್ ಸಾಹೇಬರು ತಲೆ ಎತ್ತದೆ ಬರೆಯುತ್ತಿದ್ದರು. ಐವತ್ತೆಂಟನೆಯದು ಬರೆದು ಮುಗಿಸಿ ಪೆನ್ನು ಕೆಳಗಿಟ್ಟರು.

“ಬರ್ಯಾಂವ ಆಕ್ಷೇಪಣೆ ಎತ್ತಬಹುದೋ ಇಲ್ಲೋ, ನಿಯಮ ನೋಡಬೇಕು.”

“ಎತ್ರಿ,” ಎಂದರು ದಾತೆ ಕಾಕೂ. “ನಿಯಮ ಆಮ್ಯಾಲೆ ನೋಡೋಣು.”

ಫಾಟಕ್ ಸಾಹೇಬರು ಎದ್ದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಆ ಬಗ್ಗೆ ಅವರು ಮಾತಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

“ಸುಮತಿಗೆ ಕಡೀ ವರ್ಷ ಹಾಸಿಗಿಯಿಂದ ಬಚ್ಚಲಕ್ಕ ಹೋಗಲಿಕ್ಕೆ ಆಗ್ತಿದ್ದಿಲ್ಲ. ಇವಗ ಯಾರೂ ಹೇಳಿದ್ದಿಲ್ಲ, ತಾನ ಬಂದ. ಗ್ವಾಡಿಗುಂಟ ಹಿಡಿಕಿ ಹಾಕಿದ. ಅಳೀಲಿಕ್ಕೆ ಟೇಪ್ ತಂದಿದ್ದಿಲ್ಲ. 'ವೈನಿ, ನಿಮ್ಮ ಕೈ ಎಲ್ಲೆ ಬರ್ತದ ತೋರಸ್ರಿ' ಅಂದ. ಕಡೀ ದಿನದ ತನಕ ಆಕಿ ತಾನ ನಡಕೋತ ಹೋದ್ಲು.” ಕೆಳಗಿಟ್ಟ ಪೆನ್ನನ್ನು ಮತ್ತೆ ಎತ್ತಿಕೊಂಡರು. “ನಾ ಅವತ್ತು ಇವಗ ಏನಂದೆ ಗೊತ್ತದ ಏನು? ಹಿಡಿಕಿ ಸೊಟ್ಟ ಆಗ್ಯದ ಅಂದೆ.”

ನಾನು ಸೆರಗಿನ ತುದಿಯಲ್ಲಿ ಕಣ್ಣೊರೆಸಿಕೊಂಡೆ, ದಾತೆ ಕಾಕೂ ಕೂಡ. ಆಗ ಕಂಬದ ಕಡೆಯಿಂದ ಸೋಪಾನ ಕೈ ಎತ್ತಿದ. ಹತ್ತೊಂಬತ್ತು ವರ್ಷದಲ್ಲಿ ಸಭೆಯಲ್ಲಿ ಅವನು ಬಾಯಿ ತೆರೆದದ್ದು ಅದೇ ಮೊದಲು.

“ಸಾಹೇಬ್ರ, ನಂದೂ ಒಂದು ಆಕ್ಷೇಪಣಿ ಐತ್ರಿ.”

ಎಲ್ಲರೂ ತಿರುಗಿದರು.

“ಹಿಡಿಕಿ ಸೊಟ್ಟ ಇಲ್ರಿ. ಗ್ವಾಡಿ ಸೊಟ್ಟ ಐತಿ. ಆ ಗ್ವಾಡಿ ಕಟ್ಟಿಸಿದವ್ರು ಗದ್ರೆ ಮೇಡಮ್.”

ಮೊದಲು ನಕ್ಕವರು ಫಾಟಕ್ ಸಾಹೇಬರು. ಅವರ ನಗು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ, ಸದ್ದಿಲ್ಲದೆ ಭುಜ ಮಾತ್ರ ಕುಣಿಯುತ್ತದೆ. ಆಮೇಲೆ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ದಾತೆ ಕಾಕೂ ನಗು ತಡೆದುಕೊಂಡು, ಇವನು ಭೋರಿನವನಲ್ಲ ಈಗ, ನಮ್ಮ ಪೇಟೆಯವನೇ ಆದ ಎಂದು ಎಲ್ಲರೆದುರಿಗೆ ಹೇಳಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮಲ್ಲಿ ಇಲ್ಲ. ಸೋಪಾನ ಕುತ್ತಿಗೆಯವರೆಗೆ ಕೆಂಪಾಗಿ ನಗುತ್ತಿದ್ದ, ಕಣ್ಣಲ್ಲಿ ನೀರು.

ಠರಾವು ಬಿದ್ದುಹೋಯಿತು, ಅದರ ಜೊತೆಗೆ ಹೊರಗಿನ ಏಜೆನ್ಸಿಯ ಮಾತೂ. ಮುಂದಿನ ವಿಷಯ ನಮ್ಮ ಸಾಫ್ಟ್‌ವೇರ್. ಮುಂದುವರಿಸಲು ಆಕ್ಷೇಪಣೆ ಇದೆಯೇ ಎಂದು ಫಾಟಕ್ ಸಾಹೇಬರು ಕೇಳಿದರು. ಇದೆ ಎಂದರು ದಾತೆ ಕಾಕೂ, ಮುನ್ನೂರು ಅಕ್ಷರ ಎಲ್ಲಿಗೂ ಸಾಲುವುದಿಲ್ಲ, ಸಾವಿರವಾದರೂ ಬೇಕು. ಮಂದಾರ ಅಲ್ಲೇ ಕುರ್ಚಿಯಲ್ಲಿ ಕೂತು ಸಾವಿರ ಮಾಡಿದ. ಹಸಿರು ಗುಂಡಿಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ 'ಆಕ್ಷೇಪಣೆ ಇದೆ' ಎಂಬ ಕೆಂಪು ಗುಂಡಿ ಇಟ್ಟ. ಮೂರು ದಿನದೊಳಗೆ ಯಾರೂ ಒತ್ತದಿದ್ದರೆ ಕೆಲಸ ಮುಗಿಯಿತು ಎಂದರ್ಥ, ಸಂಶಯವಿದ್ದರೆ ಕಾರ್ಯದರ್ಶಿ ಹೋಗಿ ಕಣ್ಣಾರೆ ನೋಡಬಹುದು. ಬುಧವಾರಕ್ಕೆ ನಾನೂರ ಮೂರರಲ್ಲಿ ಉಳಿದದ್ದು ಎರಡು. ತಪ್ಪನ್ನು ತಾನೇ ಬಂದು ಹೇಳುವ ಕಂಪನಿ ತಮ್ಮ ಸೇವಾವಧಿಯಲ್ಲಿ ಒಂದೂ ಸಿಕ್ಕಿರಲಿಲ್ಲ ಎಂದು ಬರೆದು, ಫಾಟಕ್ ಸಾಹೇಬರು ಒಕ್ಕೂಟಕ್ಕೆ ಶಿಫಾರಸು ಕಳಿಸಿದರು. ಕೆಳಗೆ ಏಳು ಆಕ್ಷೇಪಣೆಗಳನ್ನೂ ಸೇರಿಸಿದ್ದರು. ಮಂದಾರ ಅದನ್ನು ಚೌಕಟ್ಟು ಹಾಕಿಸಿ ಊಟದ ಮೇಜಿನ ಪಕ್ಕದ ಗೋಡೆಗೆ ನೇತುಹಾಕಿದ್ದಾನೆ.

ಆದರೆ ಆ ಭಾನುವಾರ ನನಗೆ ಊಟ ಸೇರಲಿಲ್ಲ. ಗೋಡೆ ಸೊಟ್ಟ ಎಂದರೆ ಏನರ್ಥ? ಮೂವತ್ತೊಂದು ವರ್ಷ ಯಾವ ಗುತ್ತಿಗೆದಾರನೂ ನನಗೆ ಆ ಮಾತು ಆಡಿರಲಿಲ್ಲ. ನಾಲ್ಕು ಹೊಡೆಯುವುದನ್ನೇ ಕಾದು, ಹಳೆಯ ಚೀಲದಿಂದ ತೂಗುಗುಂಡು ತೆಗೆದುಕೊಂಡು, ಸೋಪಾನನನ್ನು ಕರೆದುಕೊಂಡು ಫಾಟಕ್ ಸಾಹೇಬರ ಮನೆಗೆ ಹೋದೆ. ಬಚ್ಚಲಿನ ದಾರಿಯ ಗೋಡೆಗೆ ದಾರ ಇಳಿಬಿಟ್ಟು ಮೂವರೂ ಉಸಿರು ಹಿಡಿದು ನಿಂತೆವು. ಗುಂಡು ನಿಂತಿತು. ಗೋಡೆ ಅರ್ಧ ಇಂಚು ಸೊಟ್ಟ ಇತ್ತು. ನಾನು ಹಿಡಿಕೆಯನ್ನು ಒಂದು ಸಲ ಬಿಗಿಯಾಗಿ ಹಿಡಿದು ಎಳೆದು ನೋಡಿದೆ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

“ಚೊಲೋ ಮಾಡೀಯೋ, ಸೋಪಾನ,” ಎಂದೆ.

ಅವನು ತಬ್ಬಿಬ್ಬಾಗಿ, ನಾನು ಮತ್ತೇನಾದರೂ ಸೇರಿಸುತ್ತೇನೋ ಎಂದು ಕಾದ. ನಾನು ಏನೂ ಸೇರಿಸಲಿಲ್ಲ. ಫಾಟಕ್ ಸಾಹೇಬರು ಕಿಸೆಯಿಂದ ಪೆನ್ನು ತೆಗೆದು ಅದನ್ನೂ ಬರೆದುಕೊಂಡರು.